ಟೋಪಿ ಇಲ್ಲದಿದ್ದರೆ ಆಟವಿಲ್ಲ

ರೋವೆನಾ ಚಮಚದಿಂದ ಬಾಣಲೆ ಬಡಿದಳು. "ಬಿಡುವು! ಹೋಗು ಬ್ರಯನಿ, ಹೊರಗೆ ಆಡ್ಕೋ ಹೋಗು."

ಮನೆಪಾಠದ ಎರಡನೇ ದಿನ ಅದು. ಕಳೆದ ವರ್ಷವೆಲ್ಲ ಬೆಳಗಾದರೆ ಮಗಳಿಗೆ ಹೊಟ್ಟೆನೋವು. ಡಾಕ್ಟರಿಗೆ ಕಾರಣ ಸಿಗಲಿಲ್ಲ, ಅವಳೂ ಬಾಯಿ ಬಿಡಲಿಲ್ಲ. ಕೊನೆಗೆ ಶಾಲೆ ಬಿಡಿಸಿದ್ದಾಯಿತು. "ಈಸ್ಟರ್‌ವರೆಗೆ ನೋಡೋಣ. ಅಷ್ಟರಲ್ಲಿ ಹುಡುಗಿ ಗೆಲುವಾಗದಿದ್ರೆ ವಾಪಸ್ ಶಾಲೆಗೇ" ಎಂದಿದ್ದ ಗಂಡ ಡೀನ್. ಹಾಗಾಗಿ ರೋವೆನಾ ಏನನ್ನೂ ಬಿಟ್ಟಿರಲಿಲ್ಲ. ಗೋಡೆಗೆ ವೇಳಾಪಟ್ಟಿ ಅಂಟಿಸಿದ್ದಳು, ಡಬ್ಬಿಗೆ ಸೇಬು ಹೆಚ್ಚಿ ತುಂಬಿದ್ದಳು, ಗಂಟೆ ಇಲ್ಲದ್ದಕ್ಕೆ ಬಾಣಲೆ ಇಟ್ಟುಕೊಂಡಿದ್ದಳು. ವೃದ್ಧಾಶ್ರಮದ ರಾತ್ರಿ ಪಾಳಿ ಮುಗಿಸಿ ಬಂದವಳು ಭಿನ್ನರಾಶಿ ಹೇಳಿಕೊಡುತ್ತಲೇ ತೂಕಡಿಸಿದ್ದಳು. ಮಗಳು ಸದ್ದು ಮಾಡದೆ, ಎಬ್ಬಿಸದೆ ಕಾದು ಕೂತಿದ್ದಳು.

ಈಗ ಹೊರಗೆ ಬಂದು ನೋಡಿದರೆ ಬ್ರಯನಿ ಜಗಲಿಯ ನೆರಳಲ್ಲಿ, ಡಬ್ಬಿ ಪಕ್ಕಕ್ಕಿಟ್ಟುಕೊಂಡು, ತೊಡೆಯ ಮೇಲೆ ಕೈ ಜೋಡಿಸಿ ಕೂತಿದ್ದಾಳೆ.

"ಯಾಕೆ ಇಲ್ಲೇ ಕೂತೆ?"

"ಟೋಪಿ ಕಳೆದುಹೋಗಿದೆ ಅಮ್ಮ."

ರೋವೆನಾಳ ಸುಸ್ತಿಗೆ ಸಿಟ್ಟೂ ಸೇರಿತು. "ಮತ್ತೆ? ಹೋದ ವರ್ಷ ಶಾಲೇಲಿ ಕಳೆದಿದ್ದು ಸಾಲದಾ? ಮೊನ್ನೆ ತಾನೇ ತಂದಿದ್ದಲ್ವಾ?"

"ಏನ್ ಹೆಡ್‌ಮಿಸ್ಟ್ರೆಸ್ಸೇ!" ಬೇಲಿಯ ಆಚೆಯಿಂದ ಪಕ್ಕದ ಮನೆಯ ಗ್ಲೆನಿಸ್ ಕೂಗಿದಳು. ತನ್ನ ಮಕ್ಕಳಿಗೆಲ್ಲ ಮನೆಯಲ್ಲೇ ಪಾಠ ಹೇಳಿ ದೊಡ್ಡವರನ್ನಾಗಿ ಮಾಡಿದ ಹೆಂಗಸು. "ನಿನ್ನ ಗಂಟೆ ಸದ್ದಿಗೆ ನನ್ನ ಕೋಳಿಗಳು ಸಾಲಾಗಿ ನಿಂತ್ಬಿಟ್ವು ಕಣೇ. ತಗೋ, ಇದು ನಿಮ್ದೇ ಇರ್ಬೇಕು. ಕೋಳಿಗೂಡಿನ ಹಿಂದೆ ಯಾರೋ ತುರುಕಿದ್ರು." ಹೊಸ ಟೋಪಿ. ಬೆಲೆಚೀಟಿ ಕೂಡ ಕಿತ್ತಿರಲಿಲ್ಲ.

ಬ್ರಯನಿಯ ಕಿವಿ ಕೆಂಪಾಯಿತು.

"ನೀನೇ ಬಚ್ಚಿಟ್ಟಿದ್ದಾ? ಯಾಕೆ ಮರಿ?"

"ಟೋಪಿ ಇಲ್ದೇ ಇರೋರು ಬಿಸಿಲಿಗೆ ಹೋಗೋ ಹಾಗಿಲ್ಲ. ನೆರಳಲ್ಲಿ ಕೂತ್ಕೋಬೇಕು. ಶಾಲೇಲಿ ಅದು ರೂಲ್." ಆಮೇಲೆ ಮೆಲ್ಲಗೆ ಸೇರಿಸಿದಳು: "ಹಾಗೆ ಕೂತ್ರೆ, ಪಾಪ, ಟೋಪಿ ತಂದಿಲ್ಲ ಅಂದ್ಕೋತಾರೆ."

"ಟೋಪಿ ಇದ್ರೆ?"

"ಇದ್ರೆ, ನನ್ನ ಯಾರೂ ಆಟಕ್ಕೆ ಸೇರಿಸ್ಕೊಳ್ಳಲ್ಲ ಅಂತ ಎಲ್ರಿಗೂ ಗೊತ್ತಾಗತ್ತೆ."

ಗ್ಲೆನಿಸ್ ಕೋಳಿಗಳಿಗೆ ಏನೋ ಹೇಳುತ್ತ ಒಳಗೆ ಹೋದಳು. ರೋವೆನಾ ಜಗಲಿಯ ಮೆಟ್ಟಿಲ ಮೇಲೆ ಕೂತಳು. ವರ್ಷವಿಡೀ ಟೋಪಿಗಾಗಿ ಬೈದದ್ದೆಲ್ಲ ಒಟ್ಟಿಗೇ ನೆನಪಾಯಿತು.

"ಇಲ್ಲಿ ನಿನ್ನ ನೋಡೋರು ಯಾರೂ ಇಲ್ಲ ಪುಟ್ಟಿ. ಇದು ನಮ್ಮನೆ ಹಿತ್ತಲು. ಹೋಗು, ನಿಂಗೇನು ಬೇಕೋ ಅದನ್ನ ಆಡು."

ಬ್ರಯನಿಯದು ಹೇಳಿದ ಮಾತು ಕೇಳುವ ಸ್ವಭಾವ. ಟೋಪಿ ಹಾಕಿಕೊಂಡಳು, ಹುಲ್ಲಿನ ನಡುವೆ ಹೋಗಿ ಬಟ್ಟೆ ಒಣಹಾಕುವ ಕಂಬದ ಹತ್ತಿರ ಕೈ ಇಳಿಬಿಟ್ಟು ನೆಟ್ಟಗೆ ನಿಂತಳು. ಬೇಲಿಯ ಆ ಕಡೆ ನೋಡಿದಳು, ಈ ಕಡೆ ನೋಡಿದಳು.

"ಅಮ್ಮಾ, ಎಷ್ಟು ಹೊತ್ತು ಆಡಬೇಕು?"