ಕರೆಂಟು ಹೋದಾಗ ಬಿದ್ದ ಬಾಸ್ಕೆಟ್

ನಾರ್ತ್‌ರಿಜ್‌ನ ಜಿಮ್‌ನಲ್ಲಿ ಸ್ಯಾನ್ ಡಿಯಾಗೋ ಕನ್ನಡ ಸಂಘದ ಹುಡುಗಿಯರು ಲಾಸ್ ಏಂಜಲೀಸ್ ಸಂಘದ ಹುಡುಗಿಯರನ್ನು ಬಗ್ಗುಬಡಿಯುತ್ತಿದ್ದರು. ಅದೇ ಹೊತ್ತಿಗೆ, ಗೆಲ್ಲುತ್ತಿದ್ದ ತಂಡದ ಕೋಚನ್ನು ಇವತ್ತೇ ಕೆಲಸದಿಂದ ತೆಗೆಸಬೇಕೆಂದು ಚಂದ್ರಮೋಹನ್ ತೀರ್ಮಾನಿಸಿ ಆಗಿತ್ತು.

ಕಾರಣ ಬೆಂಚಿನ ಮೇಲೆ ಕೂತಿತ್ತು. ಮಗಳು ಹರಿಣಿ. ಮೈಮೇಲೆ ಏಳನೇ ನಂಬರಿನ ಜೆರ್ಸಿ, ತೊಡೆಯ ಮೇಲೆ ಕೋಚಿನ ಪುಟ್ಟ ಬಿಳಿ ಬೋರ್ಡು. ಆಗಾಗ ಅವಳು ಕೋಚಿನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಅವನು ತಲೆಯಾಡಿಸಿ ಬೇರೆ ಯಾರನ್ನೋ ಅಂಕಣಕ್ಕೆ ಇಳಿಸುತ್ತಿದ್ದ. ಒಂದು ಚಾನ್ಸ್ ಕೊಡಿ ಎಂದು ಮಗು ಗೋಗರೆಯುತ್ತಿದೆ ಎಂದೇ ಚಂದ್ರಮೋಹನ್ ಅಂದುಕೊಂಡ. ರಾಜ್ಯಕ್ಕೆ ಆಡಿದವನ ಮಗಳು ಬೋರ್ಡು ಹಿಡಿದು ಕೂರುವುದೆಂದರೇನು?

ಹೌದು, ಚಂದ್ರಮೋಹನ್ ಕರ್ನಾಟಕ ರಾಜ್ಯ ತಂಡಕ್ಕೆ ಆಡಿದವನು. ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನ ಪ್ರತಿ ಯುಗಾದಿ ಊಟದಲ್ಲೂ ಹಾಗೆಂದು ಅವನೇ ಹೇಳಿದ್ದ. ಸಾಕ್ಷಿ ಕೇಳುವಷ್ಟು ಅಸಭ್ಯರು ಆ ಬಡಾವಣೆಯಲ್ಲಿರಲಿಲ್ಲ. ನಿಜ ಹೇಳಬೇಕೆಂದರೆ ಅವನು ಆಡಿದ್ದು ಕೇರಂ. ಕಾಲೇಜಿನ ಬಾಸ್ಕೆಟ್‌ಬಾಲ್ ಅಂಕಣಕ್ಕೆ ಅವನು ಇಳಿಯುತ್ತಿದ್ದುದು ಹಾಸ್ಟೆಲ್ಲಿಗೆ ಅದು ಹತ್ತಿರದ ದಾರಿ ಎಂಬ ಕಾರಣಕ್ಕೆ. ಹರಿಣಿ ಚಿಕ್ಕವಳಿದ್ದಾಗ ಮೊಸರನ್ನಕ್ಕೆ ಬಾಯಿ ತೆರೆಯದಿದ್ದರೆ ಇದೇ ಕಥೆಯನ್ನು ತಟ್ಟೆ ಖಾಲಿಯಾಗುವವರೆಗೆ ಎಳೆಯುತ್ತಿದ್ದ. ಅನ್ನ ಜಾಸ್ತಿ ಉಳಿದ ದಿನ ಕಥೆಗೆ ಒಂದು ಬೀದಿನಾಯಿಯೂ ಬರುತ್ತಿತ್ತು. ಉಳಿದವರು ನಂಬಿದರೆಷ್ಟು, ಬಿಟ್ಟರೆಷ್ಟು; ಹರಿಣಿ ನಂಬಿದ್ದಳು. ಅಪ್ಪನದೆಂದು ಏಳನೇ ನಂಬರನ್ನೇ ಕೇಳಿ ಹಾಕಿಸಿಕೊಂಡಿದ್ದಳು. ಅವನ ಪಾಲಿಗೆ ಅದಕ್ಕಿಂತ ದೊಡ್ಡ ಆಸ್ತಿ ಇರಲಿಲ್ಲ.

ಕೋಚ್ ಲೆಫ್ತೇರಿಸ್ ಗ್ರೀಕ. ಅಲ್ಲಿನ ಬಂದರು ಊರೊಂದರ ಕ್ಲಬ್ಬಿಗೆ ಆಡಿ, ಅಥೆನ್ಸಿನ ತಂಡಕ್ಕೆ ಏರಿ, ಮಂಡಿ ಮುರಿದುಕೊಂಡು ಕೋಚ್ ಆದವನು. ಲಾಸ್ ಏಂಜಲೀಸಿನಲ್ಲಿ ಅವನಿದ್ದ ಶಾಲೆ ಆಟದ ವಿಭಾಗಕ್ಕೇ ಬೀಗ ಹಾಕಿದಾಗ ಕುಂಟುತ್ತ ಸ್ಯಾನ್ ಡಿಯಾಗೋಗೆ ಬಂದಿದ್ದ. ಅದು ಎರಡು ಸಾವಿರದ ಆರು. ಗ್ರೀಸ್ ಆಗಷ್ಟೇ ವಿಶ್ವ ಪಂದ್ಯಾವಳಿಯಲ್ಲಿ ಅಮೆರಿಕವನ್ನು ಸೋಲಿಸಿತ್ತು. ಹಾಗಾಗಿ ಗ್ರೀಕರೆಲ್ಲ ಬಾಸ್ಕೆಟ್‌ಬಾಲ್ ಪಂಡಿತರೆಂದು ಸಂಘ ನಂಬಿಬಿಟ್ಟಿತು. ಭಾರತೀಯರೆಲ್ಲ ಕಂಪ್ಯೂಟರ್ ರಿಪೇರಿ ಮಾಡುತ್ತಾರೆಂದು ಅಮೆರಿಕನ್ನರು ನಂಬುತ್ತಾರಲ್ಲ, ಹಾಗೆ.

ಆ ನಂಬಿಕೆ ಕೀಳಲು ಚಂದ್ರಮೋಹನ್ ವಾರವಿಡೀ ಫೋನಿನಲ್ಲಿ ಸದಸ್ಯರ ತಲೆಗೆ ಹುಳ ಬಿಟ್ಟಿದ್ದ. ಎದುರಿಗೇ ಹರಿಣಿ ಹೋಮ್‌ವರ್ಕ್ ಮಾಡುತ್ತಿದ್ದಳು.

ಗೆದ್ದ ತಂಡ ಊರಿಗೆ ಮರಳುವಾಗ ಭಾರತೀಯ ಹೋಟೆಲ್ಲುಗಳ ಬೀದಿಯಿರುವ ಆರ್ಟೀಸಿಯಾದಲ್ಲಿ ದೋಸೆಗೆ ನಿಂತಿತು. ಮಕ್ಕಳು ಒಂದು ಮೇಜಿಗೆ, ಚಂದ್ರಮೋಹನನೂ ಸೇರಿ ಸಂಘದ ಸಮಿತಿ ಪಕ್ಕದ ಮೇಜಿಗೆ.

"ಗೆದ್ದೇವಲ್ರೀ. ಮತ್ತೇನ್ ಬೇಕ್ರಿ ನಿಮಗ?" ಎಂದರು ಅಧ್ಯಕ್ಷ ಮಹಾಂತಪ್ಪ, ವಿಜಾಪುರದ ಕಡೆಯವರು.

"ಗೆಲ್ಲೋದು ಬೇರೆ ಸಾರ್. ಈ ಮನುಷ್ಯ ಯಾವತ್ತೂ ಆಡಿದವನೇ ಅಲ್ಲ. ನಮಗೆಲ್ಲ ಕಿವಿಗೆ ಹೂವಿಟ್ಟಿದ್ದಾನೆ. ಸ್ಟೇಟ್‌ಗೆ ಆಡಿದವನು ನಾನು, ನನಗೆ ಗೊತ್ತಾಗಲ್ವಾ?"

ಮಹಾಂತಪ್ಪ ಸುತ್ತಿ ಬಳಸುವವರಲ್ಲ. ಕೋಚನ್ನೇ ಕರೆದು ಇಂಗ್ಲಿಷಿನಲ್ಲಿ ಕೇಳಿದರು: ನೀವು ನಿಜವಾಗಿ ಆಡಿದ್ದೀರಾ?

ಲೆಫ್ತೇರಿಸ್ ಚಟ್ನಿಯ ಕೈ ಒರೆಸಿಕೊಂಡ. ಒಮ್ಮೆ ಮಕ್ಕಳ ಮೇಜಿನ ಕಡೆ ನೋಡಿದ. ಆಮೇಲೆ ಚಂದ್ರಮೋಹನನತ್ತ ಬೆರಳು ಮಾಡಿದ.

"ಇವರ ವಿರುದ್ಧವೇ ಆಡಿದ್ದೇನೆ. ನಮ್ಮ ಕ್ಲಬ್ ಬೆಂಗಳೂರಿಗೆ ಬಂದಿತ್ತು. ಕೊನೆಯ ಗಳಿಗೆ, ಸ್ಕೋರು ಸಮ. ಕರೆಂಟು ಹೋಯಿತು. ಆ ಕತ್ತಲಲ್ಲಿ ಯಾರೋ ಇವರಿಗೆ ಚೆಂಡು ತಂದುಕೊಟ್ಟರು. ಯಾರೆಂದು ಇವತ್ತಿಗೂ ತಿಳಿಯದು. ದೀಪ ಬಂದಾಗ ಚೆಂಡು ಬಲೆಯಲ್ಲಿತ್ತು, ಕೆಳಗೆ ಕರ್ನಾಟಕದ ಏಳನೇ ನಂಬರು ನಿಂತಿತ್ತು. ಆಗ ಇವರ ತಲೆಯಲ್ಲಿ ಕೂದಲಿತ್ತು."

ಅಂಥ ಪಂದ್ಯ ನಡೆದೇ ಇರಲಿಲ್ಲ. ಅದನ್ನು ಹುಟ್ಟಿಸಿದವನೇ ಚಂದ್ರಮೋಹನ್. ಈ ಕಳ್ಳ ಯಾವುದೋ ಯುಗಾದಿ ಊಟಕ್ಕೆ ಬಂದು ಕಿವಿಗೆ ಹಾಕಿಕೊಂಡಿದ್ದಾನೆ. ಸುಳ್ಳು ಎಂದು ಕೂಗಬಹುದಿತ್ತು. ಆದರೆ ಯಾರ ಸುಳ್ಳು ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು.

"ಹೌದೇನ್ರೀ ಚಂದ್ರಮೋಹನ?"

ಹರಿಣಿ ದೋಸೆ ಬಿಟ್ಟು ಅವನನ್ನೇ ನೋಡುತ್ತಿದ್ದಳು.

"ಹೌದು ಸಾರ್," ಎಂದ ಚಂದ್ರಮೋಹನ್. "ಈಗ ಗುರುತು ಹತ್ತಿತು. ಒಳ್ಳೆ ಪ್ಲೇಯರ್."

ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ವರ್ಷಕ್ಕೂ ಕೋಚ್ ಇವನೇ ಎಂದು ಠರಾವಾಯಿತು. ಅನುಮೋದಿಸಿದವನು ರಾಜ್ಯದ ಮಾಜಿ ಆಟಗಾರ ಚಂದ್ರಮೋಹನ್.

ಕಾರಿನಲ್ಲಿ ಅವನು ಬಹಳ ದೂರ ಹಲ್ಲು ಕಡಿದ. ಆಮೇಲೆ ಇದರಲ್ಲೂ ಲಾಭ ಕಂಡಿತು.

"ಇನ್ಮೇಲೆ ನಿನ್ನನ್ನ ಆಡಿಸ್ತಾನೆ ಬಿಡು ಪುಟ್ಟಿ. ನನ್ನ ಮಾತು ತೆಗೆದುಹಾಕೋಕೆ ಆಗಲ್ಲ."

ಹರಿಣಿ ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರಿಸಿದಳು. ತನಗೆ ಆಡುವುದು ಇಷ್ಟವಿಲ್ಲ, ಆಡಿಸುವುದು ಇಷ್ಟ. ಬೆಂಚು ಕೇಳಿ ಪಡೆದದ್ದು ತಾನೇ. ಇವತ್ತು ತಂಡ ಗೆದ್ದ ತಂತ್ರಗಳೆಲ್ಲ ತಾನು ಬೋರ್ಡಿನ ಮೇಲೆ ಬರೆದು, ಯಾರನ್ನು ಇಳಿಸಬೇಕೆಂದು ಕೋಚಿನ ಕಿವಿಯಲ್ಲಿ ಹೇಳಿದ್ದು. ಅವನನ್ನು ತೆಗೆದಿದ್ದರೆ ತನಗೆ ಇದನ್ನು ಕಲಿಸುವವರು ಬೇರೆ ಯಾರೂ ಇರಲಿಲ್ಲ.

ಚಂದ್ರಮೋಹನ್ ಪೆಚ್ಚಾದ. ಆದರೂ ಒಂದು ಸಮಾಧಾನ ಉಳಿದಿತ್ತು. "ಹೋಗಲಿ, ನಿಮ್ಮಪ್ಪ ಹೇಗೆ ಆಡ್ತಿದ್ದ ಅಂತ ಕೋಚ್ ಬಾಯಲ್ಲೇ ಕೇಳಿದೆಯಲ್ಲ."

ಹರಿಣಿ ಕಿಟಕಿಯಾಚೆ ನೋಡುತ್ತ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ, ತೊದಲುತ್ತ ಕನ್ನಡದಲ್ಲಿ ಹೇಳಿದಳು:

"ನಾನೇ ಕೋಚ್‌ಗೆ ಆ ಕಥೆ ಹೇಳಿಕೊಟ್ಟಿದ್ದು ಅಪ್ಪ, ಬಾಲ್ ತಂದುಕೊಡೋ ನಾಯಿನ ಮಾತ್ರ ತೆಗೆದುಬಿಟ್ಟೆ, ಅದನ್ನ ಯಾರೂ ನಂಬಲ್ಲ."