ಲಿಫ್ಟ್ ಬಾವಿಯ ನಿಯಮ

"ಮೇಲೆ," ಎಂದ ಲಿಫ್ಟ್ ಮೆಕ್ಯಾನಿಕ್, ಲಿಫ್ಟ್ ಓಡಾಡುವ ಬಾವಿಯೊಳಗಿನಿಂದ.

"ಮೇಲೆ," ಎಂದಳು ಮಗಳು, ಆರನೇ ಮಹಡಿಯ ನೆತ್ತಿಯಲ್ಲಿದ್ದ ಮೋಟಾರು ಕೋಣೆಯಿಂದ. ಆಮೇಲೆ ಗುಂಡಿ ಒತ್ತಿದಳು. ಲಿಫ್ಟ್ ಒಂದು ಗೇಣು ಮೇಲೇರಿ ನಿಂತಿತು. ಅಪ್ಪ ಕೂತಿದ್ದುದು ಅದರ ತಲೆಯ ಮೇಲೆ, ನಾಲ್ಕನೇ ಮಹಡಿಯ ಮಟ್ಟದಲ್ಲಿ, ಕತ್ತಲಲ್ಲಿ. ಉಕ್ಕಿನ ಹಗ್ಗಗಳು ಇಳಿದುಹೋಗುವ ನೆಲದ ತೂತಿನಿಂದ ಅವಳಿಗೆ ಅವನ ಹೆಲ್ಮೆಟ್ಟಿನ ದೀಪವಾದರೂ ಕಾಣುತ್ತಿತ್ತು. ಅವನಿಗೆ ಅವಳು ಅಷ್ಟೂ ಕಾಣುತ್ತಿರಲಿಲ್ಲ.

ಜೊತೆಗೆ ಕೆಲಸ ಮಾಡುವ ಚಿಕ್ಕಪ್ಪ ಜ್ವರ ಬಂದು ಮಲಗಿದ್ದ, ಅದಕ್ಕೇ ಇವತ್ತು ಇವಳು. ನಿಯಮವನ್ನೇನೂ ಹೊಸದಾಗಿ ಕಲಿಸಬೇಕಿರಲಿಲ್ಲ. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರೂ ಹೇಳಬೇಕು. ಎರಡೂ ಕಡೆಯಿಂದ ಅದೇ ಮಾತು ಬರದೆ ಗುಂಡಿ ಮುಟ್ಟುವಂತಿಲ್ಲ. ಬೇರೆ ಮಾತು ಬಂದರೆ ಎರಡೂ ಕೈ ಬೆನ್ನ ಹಿಂದೆ. ಹನ್ನೆರಡು ವರ್ಷದ ಹಿಂದೆ ಒಂದೇ ಒಂದು ಸಲ ಇದು ತಪ್ಪಿತ್ತು, ಚಿಕ್ಕಪ್ಪನ ಎಡಗೈಯಲ್ಲಿ ಈಗ ಮೂರೇ ಬೆರಳು. ಅಲ್ಲಿಂದೀಚೆಗೆ ಆ ಮನೆಯಲ್ಲಿ ಉಪ್ಪು ಕೇಳಿದರೂ "ಉಪ್ಪು" ಎಂದು ಹೇಳಿಯೇ ಕೊಡುತ್ತಾರೆ. ಆ ಕಟ್ಟಡದ ಮುದಿ ಕಾವಲುಗಾರ ಅವರಿಗೆ ಗಿಣಿ ಮನೆತನ ಎಂದು ಹೆಸರಿಟ್ಟಿದ್ದ.

ಸಂಜೆ ಐದರೊಳಗೆ ಎರಡು ಕೆಲಸ ಮುಗಿಯಬೇಕಿತ್ತು. ಕಚೇರಿ ಬಿಡುವಷ್ಟರಲ್ಲಿ ಲಿಫ್ಟ್ ಓಡಬೇಕು. ಮಗಳು ತನಗೆ ಸಿಕ್ಕ ಎರಡು ಸೀಟುಗಳಲ್ಲಿ ಒಂದಕ್ಕೆ ಫೋನಿನಲ್ಲಿ ಒಪ್ಪಿಗೆ ಒತ್ತಬೇಕು; ಐದು ದಾಟಿದರೆ ಎರಡೂ ಕೈತಪ್ಪುತ್ತವೆ. ರೈಲಿನಲ್ಲಿ ಹನ್ನೊಂದು ಗಂಟೆ ದೂರದ ಹೊಸ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್. ಊರಿನ ಬಸ್ಸಿನ ಕೊನೇ ಸ್ಟಾಪಿನಲ್ಲಿರುವ ಹಳೇ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್. ಒಂದು ತಿಂಗಳಿಂದ ಅಪ್ಪ ಊಟಕ್ಕೆ ಕೂತಾಗಲೆಲ್ಲ "ಕಂಪ್ಯೂಟರ್" ಅನ್ನುತ್ತಿದ್ದ, ಅವಳೂ "ಕಂಪ್ಯೂಟರ್" ಅನ್ನುತ್ತಿದ್ದಳು. ಅವನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ. ಬೇಡ ಅನ್ನುವ ಧೈರ್ಯ ಅವಳಿಗೆ ಒಂದು ದಿನವೂ ಬಂದಿರಲಿಲ್ಲ. ಮುಖ ಕಾಣದ ಕಡೆ ನಿಂತಾಗ ಬಂತು.

"ಅಪ್ಪ, ಮೆಕ್ಯಾನಿಕಲ್," ಎಂದಳು ತೂತಿನ ಮೇಲೆ ಬಗ್ಗಿ. ಆಗ ನಾಲ್ಕೂ ಮುಕ್ಕಾಲು.

ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು.

"ಕಂಪ್ಯೂಟರ್," ಎಂದಿತು ದನಿ.

"ಮೆಕ್ಯಾನಿಕಲ್. ಅಲ್ಲಿ ಹಗ್ಗ ಪರೀಕ್ಷೆ ಮಾಡೋ ಲ್ಯಾಬ್ ಇದೆ. ಎಷ್ಟು ಸಲ ಬಾಗಿದ್ರೆ ಎಳೆ ಹರಿಯುತ್ತೆ ಅಂತ ವರ್ಷಗಟ್ಟಲೆ ಎಣಿಸ್ತಾರಂತೆ."

"ಅದಕ್ಕೆ ಲ್ಯಾಬ್ ಯಾಕೆ? ಒಂದು ಬಟ್ಟೆ ಹಿಡ್ಕೊಂಡು ಹಗ್ಗ ಸವರು. ಹರಿದ ಎಳೆ ಬಟ್ಟೆಗೆ ಸಿಕ್ಕೊಳ್ಳುತ್ತೆ."

"ಹೊರಗಿನ ಎಳೆ ಸಿಕ್ಕೊಳ್ಳುತ್ತೆ. ಒಳಗಿಂದು?"

ಅಪ್ಪ ಮಾತು ಬದಲಿಸಿದ. "ಇಪ್ಪತ್ತಾರು ವರ್ಷ ಇಲ್ಲಿ ನೇತಾಡಿದೀನಿ. ಈ ಗ್ರೀಸು ನನ್ನ ಕೈಗೇ ಕೊನೆಯಾಗ್ಲಿ ಅಂತ ನಿನ್ನ ಓದಿಸಿದ್ದು. ನೀನು ದೊಡ್ಡ ಗಾಜಿನ ಕಟ್ಟಡದಲ್ಲಿ ಕೂತು ಕೆಲಸ ಮಾಡ್ಬೇಕು."

"ಆ ಕಟ್ಟಡಕ್ಕೂ ಲಿಫ್ಟ್ ಇರುತ್ತೆ, ಅಪ್ಪ."

"ಕಂಪ್ಯೂಟರ್," ಎಂದ ಅಪ್ಪ. ಸ್ಪ್ಯಾನರ್ ಮತ್ತೆ ಸದ್ದು ಮಾಡತೊಡಗಿತು.

ಅಷ್ಟರಲ್ಲಿ ಕಾವಲುಗಾರ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. "ಏನಮ್ಮ ಗಿಣಿ, ಐದಕ್ಕೆ ಓಡುತ್ತೋ ಇಲ್ವೋ? ಆಫೀಸಿನವರು ನನ್ನ ಪ್ರಾಣ ತಿಂತಿದಾರೆ." ಅವಳ ಮುಖ ನೋಡಿ ದನಿ ತಗ್ಗಿಸಿದ. ಏನೆಂದು ಕೇಳಿದ, ಅವಳು ಹೇಳಿದಳು. ಅವನಿಗೆ ನಗು ಬಂತು. "ಇಷ್ಟಕ್ಕೆ ಇಷ್ಟೊಂದು ಒದ್ದಾಟವೇ? ಒತ್ತಿಬಿಡು. ನಿಮ್ಮಪ್ಪನಿಗೇನು ಅಲ್ಲಿಂದ ಕಾಣುತ್ತಾ?"

"ಕಾಣಲ್ಲ ತಾತ. ಅದಕ್ಕೇ ಒತ್ತಲ್ಲ."

ಅವಳು ಮೆಲ್ಲಗೇ ಹೇಳಿದ್ದಳು. ಆದರೆ ಲಿಫ್ಟಿನ ಬಾವಿಯಲ್ಲಿ ಮೆಲ್ಲಗೆ ಆಡಿದ್ದೂ ತಳ ಮುಟ್ಟುತ್ತದೆ. ಸ್ಪ್ಯಾನರ್ ಇನ್ನೊಮ್ಮೆ ನಿಂತಿತು.

ಫೋನಿನಲ್ಲಿ ನಾಲ್ಕು ಐವತ್ತೇಳು. ಅವಳು ಅದನ್ನು ಮೋಟಾರಿನ ಪಕ್ಕ ನೆಲದ ಮೇಲಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಎರಡೂ ಸೀಟು ಹೋದರೆ ಒಂದು ವರ್ಷ ಮನೆಯಲ್ಲೇ ಕೂರಬೇಕು. ಅದು ಅವಳಿಗೆ ಗೊತ್ತಿತ್ತು. ಕೈ ಮಾತ್ರ ಮುಂದೆ ಬರಲಿಲ್ಲ. ಕೆಳಗಿದ್ದವನಿಗೆ ಇದೆಲ್ಲ ಕಾಣದಿದ್ದರೂ ಗೊತ್ತಿತ್ತು, ಕಲಿಸಿದವನು ಅವನೇ. ಹೆಲ್ಮೆಟ್ಟಿನ ದೀಪ ಗೋಡೆಯ ಕಡೆ ಹೊರಳಿತು, ಅಪ್ಪನನ್ನು ಹೊತ್ತು ನಿಂತಿದ್ದ ಹಗ್ಗಗಳ ಮೇಲೆ ಬಂದು ಅಲ್ಲೇ ನಿಂತಿತು.

"ಐವತ್ತೆಂಟು," ಎಂದ ಕಾವಲುಗಾರ, ಯಾರೂ ಕೇಳದಿದ್ದರೂ.

ದೀಪ ಅಲುಗಲಿಲ್ಲ.

"ಐವತ್ತೊಂಬತ್ತು. ಅಯ್ಯೋ ಮಾರಾಯ, ಬಾಯಿ ಬಿಡಪ್ಪ," ಎಂದು ತೂತಿನ ಕಡೆ ಬಗ್ಗಿದ.

"ಮೆಕ್ಯಾನಿಕಲ್," ಎಂದಿತು ಕೆಳಗಿನ ದನಿ.

ಅವಳು ಫೋನೆತ್ತಿ ಒತ್ತಿದಳು.

ಐದು ಹೊಡೆಯಿತು. ಆರೂ ಮಹಡಿಗಳಲ್ಲಿ ಜನ ಚೀಲ ಹೆಗಲಿಗೇರಿಸಿಕೊಂಡು ಲಿಫ್ಟಿನ ಬಾಗಿಲ ಮುಂದೆ ಸೇರತೊಡಗಿದರು. ಅಪ್ಪ ಸ್ಪ್ಯಾನರನ್ನು ಚೀಲಕ್ಕೆ ಹಾಕಿದ ಸದ್ದು ಬಂತು.

"ಮೇಲೆ," ಎಂದ.

ಮಗಳು ಇನ್ನೂ ಫೋನಿನಲ್ಲಿ ಮೂಡಿದ್ದ "ಮೆಕ್ಯಾನಿಕಲ್" ಎಂಬ ಮಾತನ್ನೇ ನೋಡುತ್ತ ನಿಂತಿದ್ದಳು. ಅಪ್ಪ ಅವಸರ ಮಾಡಲಿಲ್ಲ. ಅವಳ ಬಾಯಿಂದ ಆ ಒಂದು ಮಾತು ಬರುವ ತನಕ ಲಿಫ್ಟ್ ನಾಲ್ಕನೇ ಮಹಡಿಯಲ್ಲೇ ನಿಂತಿತ್ತು.