ಗಂಡಂದಿರ ಬೆಂಚು

ದಾವಣಗೆರೆಯ ಸೀರೆ ಅಂಗಡಿಗಳು ಈಗ ಗೋಡೆಗೆ ಬಣ್ಣ ಹೊಡೆಸುವಷ್ಟೇ ಸಲೀಸಾಗಿ ನೆಲದ ಸೆಳೆತವನ್ನೂ, ಅಂದರೆ ಗುರುತ್ವಾಕರ್ಷಣೆಯನ್ನೂ, ಬೇಕಾದಂತೆ ಹೊಂದಿಸಿಕೊಳ್ಳುತ್ತವೆ. ಕೊಟ್ರಪ್ಪನವರ ಅಂಗಡಿಯ ಮೆಟ್ಟಿಲುಗಳಲ್ಲಿ ಒಳಾಂಗಣ ವಿನ್ಯಾಸಗಾರ್ತಿ ನಾಗವೇಣಿ ಸೆಳೆತ ಇಳಿಸಿದ್ದಳು. ಮಂಡಿನೋವಿನ ಅಜ್ಜಿಯರು ಮೂರನೇ ಮಹಡಿಗೆ ಹತ್ತಿಯ ಹಾಗೆ ತೇಲಿ ಹೋಗುತ್ತಿದ್ದರು. ಆದರೂ ಕೊಟ್ರಪ್ಪನವರ ಮುಖ ಅರಳಲಿಲ್ಲ.

“ಹೆಣ್ಮಕ್ಳು ಸೀರೆ ನೋಡಾಕ ಕುಂತ್ರೆ ಸಾಕು, ಗಂಡಸ್ರು ‘ನಡಿ ಹೋಗಣ’ ಅಂತ ಎದ್ದೇ ಬಿಡ್ತಾರಮ್ಮ. ಇವತ್ತೂ ಹಂಗೇ ಆದ್ರೆ ಬೇರೆಯೋರಿಗೆ ಕೆಲ್ಸ ಕೊಡ್ತೀನಿ.”

ನಾಗವೇಣಿ ಗಂಡಂದಿರು ಕಾಯುವ ಬೆಂಚಿನ ಕೆಳಗೆ ಸೆಳೆತವನ್ನು ಎರಡು ಪಟ್ಟು ಏರಿಸಿದಳು.

ಮೊದಲು ಬಂದವರು ಗೌರಕ್ಕ, ಶಿವಲಿಂಗಪ್ಪ ದಂಪತಿ. ಬೆಂಚಿನ ಮೇಲೆ ಕೂತ ಹತ್ತು ನಿಮಿಷಕ್ಕೆ ಶಿವಲಿಂಗಪ್ಪ ಮಂಡಿಗೆ ಕೈ ಊರಿ ಏಳಲು ನೋಡಿದರು. ಆಗಲಿಲ್ಲ. ಮತ್ತೊಮ್ಮೆ ನೋಡಿ, ಉಸಿರುಬಿಟ್ಟು, ಒರಗಿ ಕಣ್ಣು ಮುಚ್ಚಿದರು. ಗೌರಕ್ಕ ಒಂದೂವರೆ ಗಂಟೆ ನಲವತ್ತು ಸೀರೆ ನೋಡಿ, ಕೊನೆಗೆ ಗಿಳಿಹಸಿರಿನದೊಂದನ್ನು ಹೆಗಲಿಗೆ ಹಾಕಿಕೊಂಡು ಗಂಡನ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. ಬೆಂಚಿನ ಗುಟ್ಟು ಗೊತ್ತಾಯಿತೆಂದು ನಾಗವೇಣಿ ಕಂಬದ ಮರೆಗೆ ಸರಿದಳು.

ಗೌರಕ್ಕ ಸೀರೆ ಮಡಚಿಟ್ಟು ಅವಳ ಹತ್ತಿರ ಬಂದರು.

“ಸೀರೆ ಇರ್ಲಿ ಬಿಡವ್ವ. ಲಗ್ನ ಆಗಿ ಮೂವತ್ತು ವರ್ಷ ಆತು, ನಮ್ಮ ಯಜಮಾನ್ರು ಸುಮ್ನೆ ಒಂದ್ಕಡೆ ಕುಂತಿದ್ದು ಇವತ್ತೇ. ಆ ಬೆಂಚು ಕೊಡ್ತೀರೇನು?”